ಜಲಗಂಡ ಇದೆ ಅಂತಾರೆ, ಈಜು ಕಲಿಸಲಾ?

ಪ್ರಶ್ನೆ: ಹೋದ ವರ್ಷ ತೋಟದಲ್ಲಿ ಕೃಷಿ ಹೊಂಡ ತೆಗೆಸಿದೆವು. ಮನೆಯಿಂದ ನೂರು ಹೆಜ್ಜೆ. ಮಗನಿಗೆ ಎಂಟು ವರ್ಷ, ಮಗಳಿಗೆ ಹನ್ನೆರಡು. ಮಗನ ಜಾತಕದಲ್ಲಿ ಜಲಗಂಡ ಇದೆಯಂತೆ, ನೀರಿಗೆ ಇಳಿಸಲೇಬೇಡಿ ಅನ್ನುತ್ತಾರೆ ಅತ್ತೆ. ಈಜು ಕಲಿಸೋಣ ಅನ್ನುತ್ತಾರೆ ಯಜಮಾನರು. ಯಾರ ಮಾತು ಕೇಳಲಿ?
– ಓದುಗಿ, ಚಿಂತಾಮಣಿ ತಾಲ್ಲೂಕು

ಉತ್ತರ: ಇಬ್ಬರ ಮಾತನ್ನೂ ಸ್ವಲ್ಪ ಬದಿಗಿಡಿ. ಮೊದಲು ಹೊಂಡಕ್ಕೆ ಬೇಲಿ ಹಾಕಿಸಿ, ಈ ವಾರವೇ. ಈಜು ಕೈಗೆ ಹತ್ತೋಕೆ ತಿಂಗಳು ಬೇಕು, ಬೇಲಿಗೆ ಎರಡು ದಿನ ಸಾಕು.

ಕೃಷಿ ಹೊಂಡ ಕೆರೆಯ ಹಾಗಲ್ಲ. ಕೆರೆಯಲ್ಲಿ ಕಾಲಿಗೆ ಮಣ್ಣು ಸಿಗುತ್ತದೆ. ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಅದರ ಮೇಲೆ ಪಾಚಿ ಕಟ್ಟಿತೋ, ಎಣ್ಣೆ ಸವರಿದ ಹಾಗೆ. ಆಳ ಸಾಮಾನ್ಯವಾಗಿ 3 ಮೀಟರ್. ಈಜು ಬರುವ ದೊಡ್ಡವರೇ ಬಿದ್ದರೂ ದಡ ಹತ್ತಲಾಗದೆ ಸೋಲುತ್ತಾರೆ. ಅದಕ್ಕೇ ನಾಲ್ಕೂ ಬದಿಗೆ ಗಟ್ಟಿ ಗೂಟ ನೆಟ್ಟು, ಗಂಟು ಗಂಟು ಹಾಕಿದ ಹಗ್ಗ ನೀರಿನೊಳಗೆ ಇಳಿಬಿಡಿ. ಗೇಟಿನ ಚಿಲಕ ಮಗನ ಕೈಗೆ ಎಟುಕಬಾರದು. 20 ಲೀಟರಿನ ಎರಡು ಖಾಲಿ ಕ್ಯಾನ್‌ಗಳಿಗೆ ಮುಚ್ಚಳ ಬಿಗಿದು, ಹಗ್ಗ ಕಟ್ಟಿ ಬೇಲಿಗೆ ತೂಗುಹಾಕಿ. ಒಂದನ್ನು ತಬ್ಬಿಕೊಂಡರೆ ದೊಡ್ಡವರೂ ತೇಲುತ್ತಾರೆ. ಅವನ್ನು ಯಾರೂ ಸೀಮೆಎಣ್ಣೆಗೋ ಡೀಸೆಲ್ಲಿಗೋ ಎತ್ತಿಕೊಂಡು ಹೋಗದ ಹಾಗೆ ಕಾಯೋದೇ ಕಷ್ಟ, ಗೊತ್ತು.

ಇನ್ನು ಜಲಗಂಡ. ಜಗಳ ಬೇಡ. 'ಗಂಡಾಂತರ ನೀರಿನಿಂದಲೇ ಅಂದಮೇಲೆ ಈಜು ಇವನಿಗೇ ಮೊದಲು ಬೇಕಲ್ವಾ ಅತ್ತೆ' ಅನ್ನಿ. ನಮ್ಮಜ್ಜಿಯನ್ನು ತಾತ ಒಪ್ಪಿಸಿದ್ದು ಹೀಗೇ. ನನಗಾಗ ಒಂಬತ್ತು. ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿ ಬೆನ್ನಿಗೆ ಕಟ್ಟಿ ಬಾವಿಗೆ ಇಳಿಸಿದರು. ಅಕ್ಕನಿಗೆ ಕಲಿಸಲಿಲ್ಲ, ಹೆಣ್ಣು ಹುಡುಗಿ ಅಂತ. ದಿನಾ ಬಟ್ಟೆ ಗಂಟು ಹೊತ್ತು ನಾಲೆಗೆ ಹೋಗುತ್ತಿದ್ದವಳು ಅವಳು, ನಾನಲ್ಲ. ಒಂದು ಸಲ ಮೆಟ್ಟಿಲ ಮೇಲೆ ಜಾರಿದಳು. ಪಕ್ಕದಲ್ಲಿ ಒಗೆಯುತ್ತಿದ್ದವರು ಜಡೆ ಹಿಡಿದು ಎಳೆದುಕೊಂಡಿದ್ದಕ್ಕೆ ಉಳಿದಳು. ನೀವು ಮಗನ ವಿಷಯ ಮಾತ್ರ ಕೇಳಿದ್ದೀರಿ. ಮಗಳಿಗೂ ಕಲಿಸಿ. ನೀವೂ ಕಲಿಯಿರಿ.

ಆದರೆ ಹೊಂಡದಲ್ಲಿ ಬೇಡ. ಪೂಲ್ ಇಲ್ಲವೇ ಮೆಟ್ಟಿಲಿರುವ ಬಾವಿ, ಜೊತೆಗೆ ಪಳಗಿದವರು. ಮೊದಲು ಕಲಿಯಬೇಕಾದ್ದು ಕೈಕಾಲು ಬಡಿಯೋದಲ್ಲ, ಅಂಗಾತ ತೇಲೋದು. ತೊಟ್ಟ ಬಟ್ಟೆಯಲ್ಲೇ ಐದು ನಿಮಿಷ ತೇಲಿ ದಡಕ್ಕೆ ಬರೋವರೆಗೆ 'ಈಜು ಬಂತು' ಅನ್ನಬೇಡಿ. ಬಂದ ಮೇಲೂ ಕಣ್ಣು ಅವರ ಮೇಲಿರಲಿ, ಫೋನಿನ ಮೇಲಲ್ಲ. ಮುಳುಗುವ ಮಗು ಕೂಗುವುದಿಲ್ಲ. ಉಸಿರೆಳೆಯೋಕೇ ಬಾಯಿ ಸಾಲದು, ಕೂಗೋದೆಲ್ಲಿ? ಒಂದು ನಿಮಿಷದೊಳಗೆ ಸದ್ದಿಲ್ಲದೆ ಕೆಳಗೆ ಹೋಗುತ್ತದೆ.

ಪ್ರಶ್ನೆ: ಮುಳುಗಿದವರನ್ನು ಉಪ್ಪಿನ ರಾಶಿಯಲ್ಲಿ ಹೂತಿಟ್ಟರೆ ಜೀವ ಬರುತ್ತದೆ ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ನಿಜವೇ?
– ಓದುಗ, ಗದಗ

ಉತ್ತರ: ಶುದ್ಧ ಸುಳ್ಳು. 2022ರಲ್ಲಿ ಬಳ್ಳಾರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಇದನ್ನು ನಂಬಿ ಹುಡುಗನ ದೇಹವನ್ನು ಗಂಟೆಗಟ್ಟಲೆ ಉಪ್ಪಿನಲ್ಲಿಟ್ಟರು. ಹುಡುಗ ಏಳಲಿಲ್ಲ. ಹೊಟ್ಟೆ ಒತ್ತಿ ನೀರು ಕಕ್ಕಿಸೋದು, ತಲೆಕೆಳಗೆ ಮಾಡಿ ತಿರುಗಿಸೋದೂ ಬೇಡ. ಬೇಕಿರೋದು ಗಾಳಿ. ಉಸಿರಿಲ್ಲದಿದ್ದರೆ ತಲೆ ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು 2 ಸಲ ಊದಿ. ಎದೆಯ ನಡುವೆ 30 ಸಲ ಜೋರಾಗಿ ಒತ್ತಿ. ಮತ್ತೆ 2, ಮತ್ತೆ 30. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಆಂಬ್ಯುಲೆನ್ಸ್ ಬರೋವರೆಗೆ ನಿಲ್ಲಿಸಬೇಡಿ.

ಪ್ರಶ್ನೆ: ನನಗೆ ಚೆನ್ನಾಗಿ ಈಜು ಬರುತ್ತದೆ. ಸ್ನೇಹಿತ ಮುಳುಗುತ್ತಿದ್ದರೆ ಹಾರಬಹುದಲ್ವಾ?
– ಕಾಲೇಜು ವಿದ್ಯಾರ್ಥಿ, ಮಂಡ್ಯ

ಉತ್ತರ: ನನ್ನ ದೊಡ್ಡಪ್ಪನ ಮಗನಿಗೂ ಚೆನ್ನಾಗಿ ಬರುತ್ತಿತ್ತು. ಕಾವೇರಿಯಲ್ಲಿ ಗೆಳೆಯನಿಗಾಗಿ ಹಾರಿದ. ಗೆಳೆಯ ಕತ್ತು ತಬ್ಬಿಕೊಂಡ. ಇಬ್ಬರೂ ಒಟ್ಟಿಗೇ ಸಿಕ್ಕರು, ಮಾರನೆಯ ದಿನ. ಹಾಗಾಗಿ ಮೊದಲು ದಡದಲ್ಲೇ ನಿಂತು ಏನಾದರೂ ಎಸೆಯಿರಿ. ಕೋಲು, ಟ್ಯೂಬು, ಹಗ್ಗ, ಸಿಕ್ಕಿದ್ದು. 2020ರಲ್ಲಿ ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕೊಟ್ಟರೈ ಅಣೆಕಟ್ಟೆಯಲ್ಲಿ ಮೂವರು ಹೆಂಗಸರು ಉಟ್ಟ ಸೀರೆ ಬಿಚ್ಚಿ ಎಸೆದು ಇಬ್ಬರು ಹುಡುಗರನ್ನು ಎಳೆದುಕೊಂಡರು. ನಿಮ್ಮ ಹತ್ತಿರ ಸೀರೆ ಇರೋದಿಲ್ಲ, ನಿಜ. ಜೀನ್ಸ್ ಪ್ಯಾಂಟ್ ಆಗುತ್ತದೆ.