ಬೈಲುಗದ್ದೆಗೆ ಹಾಕಿದ ಯೂರಿಯಾ ಎಲ್ಲಿ ಹೋಯಿತು?

ಬ್ರಹ್ಮಾವರ ಕಡೆ ಒಂದೆಕರೆ ಬೈಲುಗದ್ದೆ (ನೀರು ನಿಲ್ಲುವ ತಗ್ಗಿನ ಗದ್ದೆ), ಎಂಒ4 ತಳಿಯ ಭತ್ತ ನಾಟಿಯಾಗಿ ಮೂರು ವಾರ, ತುಂಬಿದ ನೀರಿಗೇ ಒಂದು ಚೀಲ ಯೂರಿಯಾ ಎರಚಿಯೂ ಪೈರು ಹಳದಿ, ಇನ್ನೊಂದು ಚೀಲ ಹಾಕಲಾ ಅಂತ ಕೇಳಿದ್ದೀರಿ. ಹಾಕಬೇಡಿ ಮಾರಾಯ್ರೆ.

ಮೊದಲು ಎಲೆ ನೋಡಿ. ಕೆಳಗಿನ ಹಳೇ ಎಲೆ ತುದಿಯಿಂದ ಹಳದಿಯಾಗಿದ್ದರೆ ಸಾರಜನಕದ ಕೊರತೆ. ಎಲೆಯಲ್ಲಿ ಸಣ್ಣ ಕಂದು ಚುಕ್ಕೆ, ನೀರಿನ ಮೇಲೆ ಎಣ್ಣೆಯಂಥ ಪೊರೆ ಇದ್ದರೆ ಕಬ್ಬಿಣದ ನಂಜು. ಪೊರೆಯನ್ನು ಕಡ್ಡಿಯಿಂದ ಚುಚ್ಚಿ: ಚೂರುಚೂರಾಗಿ ಒಡೆದರೆ ಕಬ್ಬಿಣದ್ದು, ಮತ್ತೆ ಕೂಡಿಕೊಂಡರೆ ಟಿಲ್ಲರಿನ ಎಣ್ಣೆ. ಕಬ್ಬಿಣವಾದರೆ ಯೂರಿಯಾ ದಂಡ, ನೀರು ಬಸಿಯಬೇಕು.

ಕೊರತೆಯೇ ಆಗಿದ್ದರೆ, ಹಾಕಿದ ಯೂರಿಯಾದ ಒಂದು ಪಾಲು ಗಾಳಿಗೆ ಹೋಗಿದೆ. ನೀರು ನಿಂತ ಕೆಸರಿನಲ್ಲಿ ಮೇಲಿನ ಕೆಲವು ಮಿಲಿಮೀಟರಿಗಷ್ಟೇ ಆಮ್ಲಜನಕ ಸಿಗುತ್ತದೆ. ಯೂರಿಯಾ ಒಡೆದು ಬಂದ ಅಮೋನಿಯಂ ಅನ್ನು ಅಲ್ಲಿ ನೈಟ್ರೊಸೊಮೊನಾಸ್ ಎಂಬ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಅದನ್ನು ನೈಟ್ರೊಬ್ಯಾಕ್ಟರ್ ಎಂಬ ಇನ್ನೊಂದು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಮಣ್ಣಿಗೆ ಅಂಟುವುದಿಲ್ಲ, ಅಡಿಯ ಬೂದು ಕೆಸರಿಗೆ ಇಳಿಯುತ್ತದೆ. ಅಲ್ಲಿ ಆಮ್ಲಜನಕ ಸಿಗದ ಬ್ಯಾಕ್ಟೀರಿಯಾ ನೈಟ್ರೇಟಿನಲ್ಲೇ ಉಸಿರಾಡಿ ಅದನ್ನು ಸಾರಜನಕ ಅನಿಲವಾಗಿಸಿ ಬಿಡುತ್ತವೆ. ಬಿಸಿಲು ಬಿದ್ದ ದಿನ ಇನ್ನೊಂದು ದಾರಿಯೂ ಇದೆ: ಪಾಚಿಯಿಂದ ನೀರಿನ ಪಿಎಚ್ ಏರಿ (ನೀರು ಕ್ಷಾರವಾಗಿ) ಅಮೋನಿಯಾ ನೇರ ಹಾರುತ್ತದೆ. ಯೂರಿಯಾ ಕಾಳಿನ ಮೇಲಿನ ಬೇವು ಲೇಪನ ಮೊದಲಿನ ದಾರಿಯನ್ನು ಸ್ವಲ್ಪ ನಿಧಾನ ಮಾಡುತ್ತದೆ, ತಡೆಯುವುದಿಲ್ಲ.

ಎಕರೆಗೆ 24 ಕೆಜಿ ಸಾರಜನಕದ ಲೆಕ್ಕ ಹಿಡಿದರೆ ಇಡೀ ಬೆಳೆಗೆ ಯೂರಿಯಾ 52 ಕೆಜಿ. ಅರ್ಧ ನಾಟಿಗೆ ಮೊದಲು ಕೆಸರಿನೊಳಗೆ ಸೇರಬೇಕಿತ್ತು, ಉಳಿದದ್ದು ತೆಂಡೆ (ಬುಡದ ಮರಿ) ಒಡೆಯುವಾಗ ಮತ್ತು ಗರ್ಭಕಟ್ಟುವ ಮೊದಲು, ಎರಡು ಸಮ ಕಂತಿನಲ್ಲಿ. ಈಗ 13 ಕೆಜಿ ಮಾತ್ರ ತಗೊಂಡು, ಐದು ಪಟ್ಟು ಹಸಿ ಮಣ್ಣಿಗೆ ಬೆರೆಸಿ ಒಂದು ದಿನ ನೆರಳಲ್ಲಿಡಿ. ಮಳೆ ಬಿಟ್ಟ ಸಂಜೆ ನೀರು ಬಸಿದು, ಕಳೆ ಕಿತ್ತು, ಎರಚಿ ಕೆಸರಿಗೆ ತುಳಿಯಿರಿ. ಮರುದಿನ ಎರಡು ಇಂಚು ನೀರು ಕಟ್ಟಿ. ಹುಣಿಯ (ಗದ್ದೆಯ ಬದುವಿನ) ಏಡಿ ಮಾಟೆ, ಅಂದರೆ ಬಿಲ, ಮುಚ್ಚದಿದ್ದರೆ ಗೊಬ್ಬರ ಕೆಳಗಿನ ಗದ್ದೆಯವರಿಗೆ. ಗದ್ದೆಯನ್ನು ಪದೇಪದೇ ಒಣಗಿಸಿ ತುಂಬಿಸಬೇಡಿ: ಒಣಗಿದಾಗ ನೈಟ್ರೇಟ್ ಆಗುತ್ತದೆ, ನೀರು ಬಂದ ಕೂಡಲೇ ಅನಿಲವಾಗುತ್ತದೆ. ಸುಣ್ಣ, ಬೂದಿಯ ಜತೆ ಯೂರಿಯಾ ಬೆರೆಸಲೇಬಾರದು. ಯೂರಿಯಾ ಹೆಚ್ಚಾದರೆ ಬೆಂಕಿರೋಗ ಬರುತ್ತದೆ.

ಎಣೇಲು (ಮಳೆಗಾಲದ ಭತ್ತ) ಕೊಯ್ದ ಮೇಲೆ ಉದ್ದು ಹಾಕುವುದಾದರೆ ಬೀಜಕ್ಕೆ ಬೆಲ್ಲದ ನೀರಲ್ಲಿ ರೈಜೋಬಿಯಂ ಬ್ಯಾಕ್ಟೀರಿಯಾದ ಪುಡಿ ಹಚ್ಚಿ, ನೆರಳಲ್ಲಿ ಆರಿಸಿ ಬಿತ್ತಿ. ಹೂ ಬಿಡುವ ಹೊತ್ತಿಗೆ ಬೇರಿನ ಗಂಟನ್ನು ಉಗುರಲ್ಲಿ ಸೀಳಿ ನೋಡಿ. ಒಳಗೆ ಗುಲಾಬಿ ಬಣ್ಣ ಇದ್ದರೆ ಗಾಳಿಯ ಸಾರಜನಕ ಹಿಡಿಯುತ್ತಿದೆ. ಬಿಳಿ ಅಥವಾ ಹಸಿರು ಇದ್ದರೆ ಇಲ್ಲ. ಆ ಬೆಳೆಗೆ ಯೂರಿಯಾ ಸುರಿದರೆ ಗಂಟೇ ಕಟ್ಟುವುದು ಕಡಿಮೆ.