ಮೊದಲ ಟವರ್ ಯಾವ ಊರಿಗೆ?

ಪ್ರಶ್ನೆ: ಸಿಗ್ನಲ್ ಇಲ್ಲದ ಹಳ್ಳಿಗಳ ಪಟ್ಟಿ ಮಾಡುವ ಸಮಿತಿಯಲ್ಲಿ ನಾನೂ ಇದ್ದೇನೆ. ದುಡ್ಡು ಕಮ್ಮಿ, ಊರು ಜಾಸ್ತಿ. ದೊಡ್ಡ ಊರಿಗೆ ಮೊದಲು ಕೊಟ್ಟುಬಿಟ್ಟರೆ ಯಾರೂ ತಕರಾರು ಮಾಡಲ್ಲ, ಅಲ್ವಾ?

ಉತ್ತರ: ತಕರಾರು ಮಾಡೋದಕ್ಕೂ ಒಂದು ಫೋನ್ ಬೇಕಲ್ಲ ಸ್ವಾಮಿ! ದೊಡ್ಡ ಊರಿಗೆ ಇವತ್ತಲ್ಲ ನಾಳೆ ಕಂಪನಿಗಳೇ ಬರುತ್ತವೆ, ಗಿರಾಕಿಗಳಿದ್ದಾರೆ. ಸರ್ಕಾರದ ದುಡ್ಡು ಇರುವುದು ಯಾರೂ ತಾವಾಗಿ ಹೋಗದ ಕಡೆಗೆ. ತಲೆ ಎಣಿಸಬೇಡಿ ಅನ್ನುತ್ತಿಲ್ಲ, ಜೊತೆಗೆ ಇನ್ನೊಂದು ಕೇಳಿ: ನಡುರಾತ್ರಿ ಹೆರಿಗೆ ನೋವು ಬಂದರೆ ಆಂಬುಲೆನ್ಸ್ ಕರೆಯೋಕೆ ಎಷ್ಟು ದೂರ ಹೋಗಬೇಕು? ಮೂರು ಸಾವಿರ ಜನರ ಊರಲ್ಲಿ ಹಿಂದಿನ ದಿಬ್ಬ ಹತ್ತಿದರೆ ಎರಡು ಕಡ್ಡಿ ಸಿಗ್ನಲ್ ಸಿಗುತ್ತದೆ, ಇನ್ನೂರು ಜನರ ಊರಲ್ಲಿ ಹೊಳೆ ದಾಟಿ ಒಂದೂವರೆ ಗಂಟೆ ನಡೆಯಬೇಕು ಅಂತಿಟ್ಟುಕೊಳ್ಳಿ. ನನ್ನನ್ನು ಕೇಳಿದರೆ ಚಿಕ್ಕ ಊರೇ ಮೊದಲು.

ಹಾಗಂತ ಖರ್ಚು ಮರೆಯುವ ಹಾಗಿಲ್ಲ. ಟವರ್ ನಿಲ್ಲಿಸಿಬಿಟ್ಟರೆ ಮುಗಿಯಲಿಲ್ಲ. ಕರೆಂಟ್ ಬೇಕು, ಅದು ಹೋದಾಗ ಬ್ಯಾಟರಿ, ಡೀಸೆಲ್ ಬೇಕು, ಮುಖ್ಯ ಜಾಲದವರೆಗೆ ಫೈಬರ್ ಕೇಬಲ್ಲೋ ಮೈಕ್ರೋವೇವ್ ಅನ್ನೋ ರೇಡಿಯೋ ಕೊಂಡಿಯೋ ಬೇಕು. ಫೈಬರ್ ಹಾದುಹೋಗುವ ದಾರಿಯಲ್ಲೇ ಇರುವ ಊರನ್ನು ಬಿಟ್ಟು ಹೋಗೋದೂ ದಡ್ಡತನವೇ. ಅದಕ್ಕೇ ಸುಲಭದ ಊರು, ಕಷ್ಟದ ಊರು ಎರಡನ್ನೂ ಒಂದೇ ಗಂಟು ಕಟ್ಟಿ ಟೆಂಡರ್ ಕರೆಯಿರಿ. ಬಿಡಿಬಿಡಿಯಾಗಿ ಕರೆದಿರೋ, ಕಷ್ಟದ್ದನ್ನು ಮುಟ್ಟುವವರೇ ಇರಲ್ಲ.

ಪ್ರಶ್ನೆ: ನಕ್ಷೆಯಲ್ಲಿ ನಮ್ಮೂರಿಗೆ ‘ಸೇವೆ ಇದೆ’ ಅಂತಿದೆ. ನಿಜವಾಗಿ ಏನೂ ಇಲ್ಲ. ಪಟ್ಟಿಯಿಂದಲೇ ಹೊರಗೆ ಬಿದ್ದಿದ್ದೇವೆ.

ಉತ್ತರ: ಅಮೆರಿಕದಂಥ ದೇಶದಲ್ಲೇ ಇದು ನಡೆದಿದೆ. ಜನಗಣತಿಯ ಒಂದು ಬ್ಲಾಕ್‌ನಲ್ಲಿ (ಎಣಿಕೆಗಾಗಿ ಗುರುತಿಸಿದ ಅತಿ ಚಿಕ್ಕ ಪ್ರದೇಶ) ಒಂದೇ ಒಂದು ಮನೆಗೆ ಬ್ರಾಡ್‌ಬ್ಯಾಂಡ್ ಕೊಡಬಲ್ಲೆವು ಅಂತ ಕಂಪನಿ ಬರೆದುಕೊಟ್ಟರೂ ಸಾಕಿತ್ತು, ಇಡೀ ಬ್ಲಾಕಿಗೆ ಸೇವೆ ಇದೆ ಅಂತಲೇ ಲೆಕ್ಕ. ಹಳ್ಳಿಗಾಡಿನ ಬ್ಲಾಕ್ ಎಷ್ಟು ದೊಡ್ಡದಿರುತ್ತದೆ ಯೋಚಿಸಿ! ಕೊನೆಗೆ 2020ರಲ್ಲಿ ಕಾನೂನು ಮಾಡಿ, ಸೂಕ್ಷ್ಮವಾದ ನಕ್ಷೆ ಬೇಕು, ತಪ್ಪಿದ್ದರೆ ಜನರೂ ಆಕ್ಷೇಪಣೆ ಹಾಕಬಹುದು ಅಂದರು. 2021ರಲ್ಲಿ ಬ್ರಾಡ್‌ಬ್ಯಾಂಡ್‌ಗೆ ಅಂತ 4,245 ಕೋಟಿ ಡಾಲರ್ ತೆಗೆದಿಟ್ಟಾಗ 25 ಎಂಬಿಪಿಎಸ್ ವೇಗವೂ ಸಿಗದ ಮನೆಗಳಿಗೆ ಮೊದಲ ಸಾಲು, 100 ಸಿಗದವರಿಗೆ ಆಮೇಲೆ ಅಂತ ನಿಯಮ ಮಾಡಿದರು.

ನೀವೂ ಆಕ್ಷೇಪಣೆ ಹಾಕಿ. ಸುಮ್ನೆ ಅರ್ಜಿ ಬರೆದರೆ ಸಾಲದು: ಶಾಲೆ, ಆಸ್ಪತ್ರೆ, ಊರಿನ ಕಟ್ಟಕಡೆಯ ಮನೆ, ಈ ಮೂರೂ ಕಡೆ ಕಟ್ಟಡದ ಒಳಗೆ ನಿಂತು ಕರೆ ಮಾಡಿ, ಸ್ಕ್ರೀನ್‌ಶಾಟ್ ಹಚ್ಚಿ.

ಪ್ರಶ್ನೆ: ಹರಾಜಿಗೆ ಬಿಟ್ಟರೆ ರಾಜಕೀಯವೇ ಇರಲ್ಲವಲ್ಲ?

ಉತ್ತರ: ಅರ್ಧ ಸರಿ. ಚಿಲಿ ದೇಶ 1994ರಲ್ಲಿ ನಿಧಿ ಮಾಡಿ, ಯಾರು ಕಮ್ಮಿ ಸಬ್ಸಿಡಿ ಕೇಳುತ್ತಾರೋ ಅವರಿಗೆ ಹಳ್ಳಿ ಫೋನಿನ ಕೆಲಸ ಕೊಟ್ಟಿತು; ಕೆಲವು ಕಡೆ ಸೊನ್ನೆ ಸಬ್ಸಿಡಿಗೂ ಕಂಪನಿಗಳು ಒಪ್ಪಿದವು. ಆದರೆ ಹರಾಜು ಹೇಳುವುದು ಯಾರು, ಎಷ್ಟಕ್ಕೆ ಅಂತ ಮಾತ್ರ. ಯಾವ ಊರು ಅನ್ನುವುದನ್ನು ಸಮಿತಿಯೇ ಹೇಳಬೇಕು. ಅದಕ್ಕೆ ಪ್ರತಿ ಊರಿಗೂ ಅಂಕ ಕೊಡಿ; ಆ ಅಂಕದ ನಿಯಮವನ್ನು ಊರುಗಳ ಹೆಸರು ನೋಡುವ ಮೊದಲೇ ಬರೆದು ಗೋಡೆಗೆ ಅಂಟಿಸಿ. ಎರಡು ಊರಿಗೆ ಅಂಕ ಸಮವಾದರೆ ಎಲ್ಲರ ಎದುರು ಚೀಟಿ ಎತ್ತಿ, ಸೋತ ಊರಿಗೆ ಮುಂದಿನ ಸುತ್ತಿನಲ್ಲಿ ಮೊದಲ ಜಾಗ ಅಂತ ತಾರೀಖು ಹಾಕಿ ಬರೆದುಕೊಡಿ.