ನಂಬರನ್ನು ಈ-ಸಿಮ್ ಮಾಡಿ ಟ್ಯಾಬ್ಲೆಟ್ಟಿಗೆ ಹಾಕಿದರೆ ಕರೆ, ಮೆಸೇಜು ಬರುತ್ತವೆಯೇ?

ಐಪ್ಯಾಡ್ ಕೊಂಡಿದ್ದೀರಿ, ಫೋನು ಹಳೆಯದಾಗಿದೆ, ಇದ್ದ ನಂಬರನ್ನೇ ಈ-ಸಿಮ್ (ಪ್ಲಾಸ್ಟಿಕ್ ಚೂರಿಲ್ಲದೆ ಉಪಕರಣದ ಚಿಪ್ಪಿಗೇ ಇಳಿಸುವ ಸಿಮ್) ಮಾಡಿ ಅದಕ್ಕೆ ಹಾಕಿ ಫೋನು ಬಿಟ್ಟುಬಿಡಬಹುದೇ ಅಂತ ಕೇಳಿದ್ದೀರಿ. ಅದನ್ನು ಇಳಿಸುವ ಕ್ಯೂಆರ್ ಕೋಡ್ ಇನ್ನೂ ಸ್ಕ್ಯಾನ್ ಮಾಡಿಲ್ಲ ಅಂತಲೂ ಬರೆದಿದ್ದೀರಿ. ದಯವಿಟ್ಟು ಮಾಡಬೇಡಿ. 2024ರ ಚೌತಿಗೆ ಒಂದು ವಾರ ಇರುವಾಗ ನಾನು ಮಾಡಿದ್ದು ಇದನ್ನೇ.

ನಾನು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿರುವ ಪುರೋಹಿತ, ಊರು ಕಾರ್ಕಳದ ಕಡೆ. ಠಾಣೆ, ಮುಲುಂಡ್, ಘಾಟ್‌ಕೋಪರಿನ ನಮ್ಮೂರವರ ಮನೆಗಳಿಗೆ ಅಪ್ಪನ ಕಾಲದಿಂದ ಹೋಗಿಬರುತ್ತಿದ್ದೇವೆ. ಪುಸ್ತಕದ ಸಣ್ಣ ಅಕ್ಷರ ಕಣ್ಣಿಗೆ ಹಿಡಿಯುತ್ತಿರಲಿಲ್ಲ. ಪಂಚಾಂಗ, ಪೂಜೆಯ ಪ್ರಯೋಗದ ಪುಸ್ತಕ ಎಲ್ಲ ದೊಡ್ಡ ಪರದೆಯಲ್ಲಿ ಇರಲಿ ಅಂತ ಟ್ಯಾಬ್ಲೆಟ್ ತಗೊಂಡೆ. ಅದರಲ್ಲಿ ಸಿಮ್ ಹಾಕುವ ಟ್ರೇಯೇ ಇರಲಿಲ್ಲ, ಬರೀ ಈ-ಸಿಮ್. ಬೆಳಗಿನ ಲೋಕಲ್‌ನ ನೂಕುನುಗ್ಗಲಲ್ಲಿ ಎರಡೆರಡು ಸಾಮಾನು ಯಾಕೆ, ನಂಬರೂ ಇದಕ್ಕೇ ಬರಲಿ ಅಂತ ತೀರ್ಮಾನಿಸಿದೆ.

ಆಗಸ್ಟ್ 30, ಶುಕ್ರವಾರ. ಟ್ಯಾಬ್ಲೆಟ್ಟಿನ 32 ಅಂಕಿಯ ಇಐಡಿಯನ್ನು (ಅದರ ಈ-ಸಿಮ್ ಚಿಪ್ಪಿನ ಗುರುತು ಸಂಖ್ಯೆ) ಮೊಬೈಲ್ ಕಂಪನಿಗೆ ಕೊಟ್ಟೆ, ಖಚಿತಪಡಿಸಿ ಅಂತ ಬಂದ ಮೆಸೇಜಿಗೆ ಉತ್ತರ ಹಾಕಿದೆ, ಕೋಡ್ ಸ್ಕ್ಯಾನ್ ಮಾಡಿದೆ. ಹಳೆಯ ಫೋನಿನ ಸಿಮ್ ಸತ್ತಿತು. ಟ್ಯಾಬ್ಲೆಟ್ಟಿನಲ್ಲಿ ನೆಟ್‌ವರ್ಕ್ ಕಡ್ಡಿಗಳು ಬಂದವು, ಸೆಟ್ಟಿಂಗ್ಸಿನಲ್ಲಿ ನನ್ನದೇ ನಂಬರು ಕಾಣಿಸಿತು, ಇಂಟರ್ನೆಟ್ ಚೆನ್ನಾಗಿ ಓಡಿತು. ಕೆಲಸ ಆಯಿತು ಅಂದುಕೊಂಡೆ.

ನಾನು ಎಡವಿದ್ದು ಇಲ್ಲೇ. ಅದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ನಂಬಿಕೆ ಇದೆ. ನಂಬರು ಎಲ್ಲಿ ಕಾಣಿಸುತ್ತದೋ ಕರೆ ಅಲ್ಲಿಗೇ ಬರುತ್ತದೆ ಅಂತ ನಾವು ತಿಳಿದಿದ್ದೇವೆ. ಹಾಗಿಲ್ಲ. ಈ-ಸಿಮ್ ಅಂದರೆ ಸಿಮ್ಮಿನೊಳಗಿನ ಗುರುತು ಮಾತ್ರ, ಪ್ಲಾಸ್ಟಿಕ್ ಚೂರಿನ ಬದಲು ಚಿಪ್ಪಿನಲ್ಲಿ ಕೂತದ್ದು. ಈ ಗಿರಾಕಿ ನಿಮ್ಮವನು ಅಂತ ಅದು ಟವರಿಗೆ ಹೇಳುತ್ತದೆ, ಅಷ್ಟೇ. ಕರೆ ಎತ್ತುವುದು, ಎಸ್ಸೆಮ್ಮೆಸ್ ತೋರಿಸುವುದು ಉಪಕರಣದ ಕೆಲಸ. ಐಪ್ಯಾಡಿನ ಸೆಲ್ಯುಲಾರ್ ಇರುವುದು ಡೇಟಾಕ್ಕೆ. ಅದು ತಾನಾಗಿ ಮೊಬೈಲ್ ಕರೆ ತಗೊಳ್ಳುವುದಿಲ್ಲ, ಬ್ಯಾಂಕಿನ ಓಟಿಪಿ ತೋರಿಸುವುದೂ ಇಲ್ಲ. ಡೇಟಾ ಪ್ಲಾನಿಗೂ ಒಂದು ನಂಬರು ಇರುತ್ತದೆ. ಅದು ಲೆಕ್ಕಕ್ಕೆ, ರೀಚಾರ್ಜಿಗೆ. ಅದರ ಮೇಲೆ ಟ್ಯಾಬ್ಲೆಟ್ ರಿಂಗಾಗುವುದಿಲ್ಲ.

ಮತ್ತೆ ನಾಲ್ಕು ದಿನ ಯಾಕೆ ಗೊತ್ತಾಗಲಿಲ್ಲ ಅಂತ ಕೇಳಬಹುದು. ಹಳೆಯ ಫೋನು ಮನೆಯ ವೈಫೈನಲ್ಲಿತ್ತು, ಅದರಲ್ಲಿ ವಾಟ್ಸ್ಯಾಪ್ ಎಂದಿನಂತೆ ನಡೆಯುತ್ತಿತ್ತು. ಅದು ನಂಬರನ್ನು ಪರೀಕ್ಷಿಸಿದ್ದು ಮೊದಲು ನೋಂದಾಯಿಸುವಾಗ, ಆಮೇಲೆ ಅದಕ್ಕೆ ಆಗ ಇಂಟರ್ನೆಟ್ ಸಾಕಾಗಿತ್ತು. ಮೆಸೇಜು ಬರುತ್ತಿವೆ, ವಾಟ್ಸ್ಯಾಪ್ ಕರೆಯೂ ಬರುತ್ತಿದೆ, ಅಂದಮೇಲೆ ನಂಬರು ಸರಿ ಇದೆ ಅಂತ ನೆಮ್ಮದಿಯಾಗಿದ್ದೆ. ಓಟಿಪಿ ಬರಲಿಲ್ಲ, ನಿಜ. ಸಿಮ್ ಬದಲಾದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ತಡೆದಿರುತ್ತಾರೆ ಅಂತ ಗೊತ್ತಿತ್ತು, ಮೋಸ ತಡೆಯಲು ದೂರಸಂಪರ್ಕ ಇಲಾಖೆ ಮಾಡಿದ ನಿಯಮ ಅದು. ಶನಿವಾರ ಹೀಗೆ ಸಮಾಧಾನ ಮಾಡಿಕೊಂಡೆ. ಭಾನುವಾರ, ಸೋಮವಾರ ಓಟಿಪಿ ಬೇಕಾಗಲೇ ಇಲ್ಲ.

ನಮ್ಮಲ್ಲಿ ಹಿರಿಯರು ವಾಟ್ಸ್ಯಾಪಿನಲ್ಲಿ ಪೂಜೆ ಹೇಳುವುದಿಲ್ಲ. ನಂಬರು ಒತ್ತಿ ಕರೆ ಮಾಡುತ್ತಾರೆ. ಮುಲುಂಡಿನ ಒಬ್ಬರು ಅಜ್ಜಿ ಮನೆಯ ಲ್ಯಾಂಡ್‌ಲೈನಿನಿಂದ ಮೂರು ದಿನ ಪ್ರಯತ್ನಪಟ್ಟರಂತೆ. ಪ್ರತಿ ಸಲವೂ ಸ್ವಿಚ್ ಆಫ್. ಮಂಗಳವಾರ ಅವರ ಮಗ ಆಫೀಸಿನಿಂದ ಬರುವಾಗ ನೇರ ನಮ್ಮ ಮನೆಗೇ ಬಂದು, "ಭಟ್ರೇ, ನೀವು ಊರಿಗೆ ಹೋಗಿದ್ದೀರಿ ಅಂದ್ಕೊಂಡ್ವಿ. ಅಮ್ಮ ಬೇರೆಯವರಿಗೆ ಹೇಳಿಬಿಟ್ರು" ಅಂದರು. ಅಪ್ಪ ಗಣಪತಿ ಕೂರಿಸಿದ ಮನೆ ಅದು. ಆ ವರ್ಷ ಇನ್ನೂ ಎರಡು ಮನೆ ಹೀಗೆಯೇ ಕೈತಪ್ಪಿದವು. ದಕ್ಷಿಣೆ ಹೋದದ್ದಕ್ಕಿಂತ, ಕರೆದರೂ ಎತ್ತಲಿಲ್ಲ ಅಂತ ಅಜ್ಜಿ ನೊಂದುಕೊಂಡದ್ದು ನನಗೆ ಇವತ್ತಿಗೂ ಸಂಕಟ.

ಬುಧವಾರ ಬೆಳಿಗ್ಗೆಯೇ ಅಂಗಡಿಗೆ ಹೋಗಿ ಆಧಾರ್ ಕೊಟ್ಟು, ಬೆರಳೊತ್ತಿ, ಪ್ಲಾಸ್ಟಿಕ್ ಸಿಮ್ ವಾಪಸ್ ಮಾಡಿಸಿಕೊಂಡೆ. ಸಂಜೆಗೆ ಕರೆ ಶುರುವಾಯಿತು, ಆದರೆ ಎಸ್ಸೆಮ್ಮೆಸ್ಸಿಗೆ ಮತ್ತೆ 24 ಗಂಟೆ. ಸಿಮ್ ಬದಲಾಯಿತು ಅಂತ ಯುಪಿಐ ಆ್ಯಪ್ ಹೊಸದಾಗಿ ಪರಿಶೀಲನೆ ಕೇಳಿತು. ಅದಕ್ಕೆ ಇದೇ ಸಿಮ್ಮಿನಿಂದ ಒಂದು ಎಸ್ಸೆಮ್ಮೆಸ್ ಹೊರಗೆ ಹೋಗಬೇಕು, ಹೋಗುತ್ತಿರಲಿಲ್ಲ. ಗುರುವಾರ ಬೆಳಗಿನ ಜಾವ ದಾದರಿನ ಹೂವಿನ ಮಾರ್ಕೆಟ್ಟಿಗೆ ನಗದು ಹಿಡಿದುಕೊಂಡು ಹೋದೆ. (ಯುಪಿಐ ನಂಬಿದವರು ಇದನ್ನು ಮೊದಲು ಯೋಚಿಸಿ. ಕಳಿಸುವ ಎಸ್ಸೆಮ್ಮೆಸ್ಸೇ ಇಲ್ಲದ ಟ್ಯಾಬ್ಲೆಟ್ಟಿನಲ್ಲಿ ಆ ಪರಿಶೀಲನೆ ಆಗುವುದೇ ಇಲ್ಲ.)

ಆದ್ದರಿಂದ ನಂಬರನ್ನು ಟ್ಯಾಬ್ಲೆಟ್ಟಿಗೆ ತರುವುದು ಹೇಗೆ ಅನ್ನುವ ಪ್ರಶ್ನೆಯೇ ಬೇಡ ಅಂತ ನನ್ನ ಅಭಿಪ್ರಾಯ. ನಂಬರು ಫೋನಿನಲ್ಲೇ ಇರಲಿ. ಟ್ಯಾಬ್ಲೆಟ್ಟಿಗೆ ಇಂಟರ್ನೆಟ್ ಬೇಕಾದರೆ ಫೋನಿನ ಹಾಟ್‌ಸ್ಪಾಟ್ ಸಾಕು, ಸಾಲದಿದ್ದರೆ ಬೇರೆಯೇ ಒಂದು ನಂಬರಿನ ಈ-ಸಿಮ್ ತಗೊಳ್ಳಿ, ಆ ನಂಬರನ್ನು ಯಾರಿಗೂ ಕೊಡಬೇಡಿ. ಫೋನಿನ ಬ್ಯಾಟರಿ ಹೋಗಿದ್ದರೆ ಬ್ಯಾಟರಿ ಹಾಕಿಸಿ.

ನಿಮ್ಮ ಹಳೆಯ ಫೋನು ಐಫೋನ್ ಆಗಿದ್ದರೆ ಸ್ವಲ್ಪ ಅನುಕೂಲ ಇದೆ. ಎರಡರಲ್ಲೂ ಒಂದೇ ಆ್ಯಪಲ್ ಖಾತೆ ಇದ್ದರೆ ಐಫೋನಿಗೆ ಬಂದ ಎಸ್ಸೆಮ್ಮೆಸ್ಸನ್ನು ಐಪ್ಯಾಡಿಗೆ ದಾಟಿಸಬಹುದು, ಕರೆಯನ್ನೂ ಎತ್ತಬಹುದು. ಆಗಲೂ ಸಿಮ್ ಇರುವುದು ಐಫೋನಿನಲ್ಲಿ, ಅದು ಚಾಲೂ ಇರಲೇಬೇಕು. ಆ್ಯಪಲ್ಲಿನದೇ ಮೆಸೇಜು, ಕರೆಯ ಆ್ಯಪ್‌ಗಳಾದ ಐಮೆಸೇಜ್, ಫೇಸ್‌ಟೈಮ್ ಇಮೇಲ್ ವಿಳಾಸದ ಮೇಲೂ ನಡೆಯುತ್ತವೆ, ಆದರೆ ಬ್ಯಾಂಕಿನವರಾಗಲಿ ಮುಲುಂಡಿನ ಅಜ್ಜಿಯಾಗಲಿ ಅಲ್ಲಿಗೆ ಬರುವುದಿಲ್ಲ. ನನ್ನದು ಆಂಡ್ರಾಯ್ಡ್ ಫೋನು, ಆ ದಾರಿಯೂ ಇರಲಿಲ್ಲ. ವಾಟ್ಸ್ಯಾಪಿಗೆ 2025ರ ಮೇ ತಿಂಗಳಲ್ಲಿ ಐಪ್ಯಾಡ್ ಆ್ಯಪ್ ಬಂದಿದೆ. ಅದೂ ಫೋನಿನ ಖಾತೆಗೆ ಜೋಡಿಸಿಕೊಳ್ಳುವಂಥದ್ದೇ. ಫೋನಿನಲ್ಲಿ 14 ದಿನ ವಾಟ್ಸ್ಯಾಪ್ ತೆರೆಯದಿದ್ದರೆ ಜೋಡಿಸಿದ್ದು ಕಳಚಿಕೊಳ್ಳುತ್ತದೆ.

ಕೆಲವು ಆಂಡ್ರಾಯ್ಡ್ ಟ್ಯಾಬ್ಲೆಟ್ಟುಗಳಲ್ಲಿ ಕರೆ, ಎಸ್ಸೆಮ್ಮೆಸ್ ಎರಡೂ ಇವೆ. ಡಬ್ಬಿಯ ಮೇಲೆ ಸಿಮ್ ಅಂತ ಬರೆದದ್ದನ್ನು ನಂಬದೆ, ಅಂಗಡಿಯಲ್ಲೇ ಸಿಮ್ ಹಾಕಿಸಿ, ಪಕ್ಕದಲ್ಲಿದ್ದವರಿಂದ ಸಾದಾ ಕರೆ ಮಾಡಿಸಿ ನೋಡಿ. ವಾಟ್ಸ್ಯಾಪ್ ಕರೆಯಲ್ಲ, ಸಾದಾ ಕರೆ. ನಾನು ಆ ಶುಕ್ರವಾರ ಹೆಂಡತಿಯ ಫೋನಿನಿಂದ ಒಂದೇ ಒಂದು ಸಲ ನನ್ನ ನಂಬರು ಒತ್ತಿದ್ದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು.

2025ರ ಚೌತಿ ಆಗಸ್ಟ್ 27ಕ್ಕೆ ಇತ್ತು. ಜುಲೈಯಲ್ಲೇ ಮುಲುಂಡಿಗೆ ಹೋಗಿ ಅಜ್ಜಿಯ ಕಾಲಿಗೆ ನಮಸ್ಕಾರ ಮಾಡಿ ನಡೆದದ್ದನ್ನು ಹೇಳಿದೆ. ಟ್ಯಾಬ್ಲೆಟ್ಟಿನ ವಿಷಯ ಅವರಿಗೆ ಎಷ್ಟು ಅರ್ಥವಾಯಿತೋ, ಗೋಡೆಯ ಕ್ಯಾಲೆಂಡರಿನಲ್ಲಿ ನನ್ನ ನಂಬರಿನ ಕೆಳಗೆ ನನ್ನ ಹೆಂಡತಿಯ ನಂಬರನ್ನೂ ಬರೆಸಿಕೊಂಡರು.